ತಣ್ಣಗಿರುವ ಶಾಕ್

ಹದಗೆಟ್ಟ ದಾರಿಯಲ್ಲಿ ಓಡಿ ಬಂದ ಗಾಡಿ ನಿಂತ ಕೂಡಲೇ ಅದರ ಕೆಳಗೆ ಕೈ ಹಾಕಿ ನಾಲ್ಕೂ ಶಾಕಬ್ಸರನ್ನು ಮುಟ್ಟಿ ನೋಡಬೇಕು. ಇದನ್ನು ನನಗೆ ಹೇಳಿಕೊಟ್ಟವರು ಮೈಸೂರಿನ ಗ್ಯಾರೇಜಿನ ನನ್ನ ಉಸ್ತಾದರು. ಕೆಲಸ ಮಾಡಿದ ಶಾಕ್ ಬೆಚ್ಚಗಿರುತ್ತದೆ, ಆಗಷ್ಟೇ ಕಾಫಿ ಬಗ್ಗಿಸಿದ ಲೋಟವನ್ನು ಹೊರಗಿನಿಂದ ಹಿಡಿದ ಹಾಗೆ. ನಾಲ್ಕರಲ್ಲಿ ಒಂದು ತಣ್ಣಗಿದ್ದರೆ ಅದು ಸತ್ತಿದೆ, ಬಿಚ್ಚು. ಮೀಟರು ಬೇಡ, ಮೆಷಿನ್ನು ಬೇಡ. ಮೂವತ್ತು ವರ್ಷದಿಂದ ಹೀಗೆ ಮುಟ್ಟುತ್ತಿದ್ದೇನೆ. ಅದರಲ್ಲಿ ನನ್ನ ಮನೆಯ ವಿಚಾರವೂ ಒಂದಿದೆ ಅಂತ ತಿಳಿಯುವುದಕ್ಕೆ ಹೊರಗಿನ ಗಾಡಿಯೊಂದು ಘಾಟಿ ಹತ್ತಿ ಬರಬೇಕಾಯಿತು.

ನಮ್ಮೂರು ತಿಗನಾರೆ. ತಮಿಳುನಾಡಿನ ಈರೋಡು ಜಿಲ್ಲೆ, ತಾಳವಾಡಿ ಸೀಮೆ. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇಲ್ಲೇ ಉಳಿದೆವು. ಬಸ್ಸಿನ ಬೋರ್ಡು ತಮಿಳು, ಬಸ್ಸಿನೊಳಗಿನ ಜಗಳ ಕನ್ನಡ. ಮದುವೆ ಬಟ್ಟೆಗೆ, ಆಸ್ಪತ್ರೆಗೆ, ಹೆಣ್ಣು ತರುವುದಕ್ಕೆ ಚಾಮರಾಜನಗರ. ಪಟ್ಟಾ, ಕೋರ್ಟು, ಕಲೆಕ್ಟರ್ ಕಚೇರಿ ಅಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ನನ್ನ ಶೆಡ್ಡಿಗೆ ಬರುವುದು ಎಲೆಕೋಸು, ಟೊಮೆಟೊ, ಜೋಳ ಹೊರುವ ಪಿಕಪ್ಪುಗಳು, ಟಿಲ್ಲರು, ಆಟೋ, ಮತ್ತೆ ಹಳೇ ಜೀಪುಗಳು. ಹೆಚ್ಚಿನವು ಪ್ಲೇಟಿನ, ಅಂದರೆ ಪಟ್ಟಿ ಸ್ಪ್ರಿಂಗಿನ, ಮೇಲೆ ಕೂತವು. ಗಾಳಿಯ ಮೇಲೆ ಕೂತ ಗಾಡಿ ಈ ಕಡೆ ಬರುವುದೇ ಅಪರೂಪ.

ಬಂದದ್ದರ ಯಜಮಾನರು ಕೊಯಮತ್ತೂರಿನ ದೇವಾಂಗದವರು. ಓದು ಬರಹವೆಲ್ಲ ತಮಿಳಿನಲ್ಲಿ, ಮನೆಮಾತು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ಮಗ್ಗದ ಜೊತೆ ಆ ಕಡೆ ಇಳಿದುಹೋದವರ ಕನ್ನಡ ಅದು. ಮೊದಲ ಹತ್ತು ನಿಮಿಷ ನನಗೆ ಅರ್ಧ ಅರ್ಥವಾಗಲಿಲ್ಲ, ನನ್ನದು ಅವರಿಗೆ ಅರ್ಧ ಅರ್ಥವಾಗಲಿಲ್ಲ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ತಲಮಲೆ ಕಡೆ ಒಂದಷ್ಟು ಜಮೀನು ಮಾಡಿದ್ದರು, ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಗಾಡಿ ವಿಲಾಯಿತಿಯದು, ಹಳೆಯದು. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ನಾಲ್ಕು ಚಕ್ರಕ್ಕೂ ಎಳೆತ ಇರುವ ರೇಂಜ್ ರೋವರಿಗೆ ಗುಂಡಿ ಒತ್ತಿದರೆ ಮೇಲೇರಿ ಇಳಿಯುವ ಗಾಳಿಯ ಸಸ್ಪೆನ್ಷನ್ ಬಂದದ್ದು 1992ರಲ್ಲಿ. ನಮ್ಮ ಕಡೆಯ ಸಾಮಾನ್ಯರು ಗಾಳಿಯ ಮೇಲೆ ಕೂತದ್ದು 2001ರ ಮೇಲೆ, ವೋಲ್ವೋ ಬಸ್ಸು ಬಂದಾಗ. ಮೈಸೂರಿನಲ್ಲಿ ಖಾಸಗಿ ಬಸ್ಸುಗಳ ಬಲೂನು ಬದಲಾಯಿಸಿದ ಅನುಭವ ಇದ್ದದ್ದರಿಂದ ಯಾರೋ ಅವರಿಗೆ ನನ್ನ ಶೆಡ್ಡು ತೋರಿಸಿದ್ದರು.

"ಮೇಸ್ತ್ರಿ, ಇದು ತೂಗುತ್ತದೆ" ಅಂದರು. "ಒಂದು ಗುಂಡಿ ಇಳಿದರೆ ಮೂರು ಸಲ ತಲೆ ಆಡಿಸುತ್ತದೆ. ಶಾಕ್ ಮೆತ್ತಗಾಗಿದೆ. ಇರುವುದರಲ್ಲೇ ಗಟ್ಟಿಯಾದದ್ದು ಹಾಕಿ. ಬಂಡೆಯ ಹಾಗೆ ಇರಬೇಕು, ಅಲುಗಬಾರದು."

ಅವರು ಮಾತಾಡುವಾಗ ಗಾಡಿಯೊಳಗೆ ಗೀತೆಯ ಪ್ರವಚನ ಸಣ್ಣಗೆ ಓಡುತ್ತಿತ್ತು. ಎರಡನೆಯ ಅಧ್ಯಾಯ, ಸ್ಥಿತಪ್ರಜ್ಞನ ಲಕ್ಷಣ. ಸುಖಕ್ಕೆ ಹಿಗ್ಗದ, ದುಃಖಕ್ಕೆ ಕುಗ್ಗದ ಮನುಷ್ಯ. ಎರಡು ವರ್ಷದ ಹಿಂದೆ ಅವರ ಮನೆಯವರು ತೀರಿಕೊಂಡಿದ್ದರಂತೆ. ಅಂದಿನಿಂದ ಆ ಅಧ್ಯಾಯ ಬಿಟ್ಟು ಬೇರೆ ಕೇಳಿಲ್ಲ ಅಂದರು. ಗಾಡಿಯಿಂದ ಕೇಳುತ್ತಿರುವುದನ್ನೇ ಈ ಮನುಷ್ಯ ತನ್ನಿಂದಲೂ ಕೇಳಿಕೊಳ್ಳುತ್ತಿದ್ದಾನೆ ಅಂತ ಆಗ ನನಗೆ ತೋಚಲಿಲ್ಲ. ಮುಂದಿನ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟೆ. ಒಳ್ಳೇ ಶಾಕಾದರೆ ಗಾಡಿ ಒಂದು ಸಲ ಎದ್ದು ತನ್ನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇದು ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ಇನ್ನೊಮ್ಮೆ ಇಳಿಯಿತು. ತೊಟ್ಟಿಲು ತೂಗಿದ ಹಾಗೆ.

ಶಾಕಬ್ಸರ್ ಅನ್ನುವ ಹೆಸರೇ ಸುಳ್ಳು. ಹೊಡೆತ ನುಂಗುವುದು ಸ್ಪ್ರಿಂಗು; ಈ ಗಾಡಿಯಲ್ಲಾದರೆ ರಬ್ಬರ್ ಬಲೂನಿನೊಳಗಿನ ಗಾಳಿ. ಭಾರ ಹೊರುವುದೂ ಅದೇ. ಶಾಕ್ ಏನೂ ಹೊರುವುದಿಲ್ಲ, ನಿಂತ ಗಾಡಿಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಆದರೆ ಸ್ಪ್ರಿಂಗಿಗೆ ಒಂದು ಗುಣ ಇದೆ: ತೆಗೆದುಕೊಂಡದ್ದನ್ನೆಲ್ಲ ಹಿಂದಕ್ಕೆ ಕೊಡುತ್ತದೆ. ಗುಂಡಿ ಕೊಟ್ಟ ಹೊಡೆತವನ್ನು ಅಷ್ಟೇ ಜೋರಾಗಿ ತಿರುಗಿಸಿ ಒಗೆಯುತ್ತದೆ, ಆಮೇಲೆ ತಾನು ಒಗೆದದ್ದನ್ನು ತಾನೇ ಮತ್ತೆ ತಿನ್ನುತ್ತದೆ. ತಡೆಯುವವರು ಇಲ್ಲದಿದ್ದರೆ ಒಂದು ಗುಂಡಿ ಹತ್ತು ಗುಂಡಿಯಾಗುತ್ತದೆ. ಶಾಕಿನ ಕೆಲಸ ಈ ಕುಣಿತವನ್ನು ತಿನ್ನುವುದು. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು, ತೂತಿನ ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳು. ಎಣ್ಣೆ ಆ ಸಂದಿಯಲ್ಲಿ ನುಸುಳಿಕೊಂಡು ಹೋಗಬೇಕು. ನಿಧಾನವಾಗಿ ಒತ್ತಿದರೆ ದಾರಿ ಬಿಡುತ್ತದೆ, ಜೋರಾಗಿ ನುಗ್ಗಿದರೆ ಜೋರಾಗಿ ತಡೆಯುತ್ತದೆ. ಹೀಗೆ ತಡೆದ ಚಲನೆ ಎಲ್ಲಿ ಹೋಯಿತು? ಎಣ್ಣೆ ಬಿಸಿಯಾಯಿತು. ಕೊಳವೆ ಬಿಸಿಯಾಯಿತು. ಆ ಬಿಸಿಯನ್ನು ಗಾಳಿ ಹೊತ್ತುಕೊಂಡು ಹೋಯಿತು. ಇಂಗ್ಲಿಷಿನ ಶಾಕಿಗೂ ನಮ್ಮ ಶಾಖಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ಆದರೂ ಶಾಕ್ ಅಂದರೆ ಶಾಖವೇ ಅಂತ ನನ್ನ ಹುಡುಗರಿಗೆ ಹೇಳಿಕೊಡುತ್ತೇನೆ. ಮರೆಯುವುದಿಲ್ಲ.

ಹಳೆಯದನ್ನು ಬಿಚ್ಚಿದೆ. ಗಾಳಿಯ ಗಾಡಿಯಲ್ಲಿ ಇದು ಜೀಪಿನಷ್ಟು ಸಲೀಸಲ್ಲ. ಬಲೂನಿನ ಗಾಳಿ ಇಳಿಸಿ, ಚಾಸಿಗೆ ಬೇರೆ ಸ್ಟ್ಯಾಂಡು, ಆಕ್ಸಲಿಗೆ ಬೇರೆ ಜ್ಯಾಕು ಕೊಟ್ಟೇ ಬೋಲ್ಟಿಗೆ ಪಾನಾ ಹಾಕಬೇಕು. ಅವಸರ ಮಾಡಿದರೆ ಆಕ್ಸಲ್ ಜೋತುಬಿದ್ದು ಬಲೂನು ಬುಡದಿಂದ ಕಿತ್ತುಕೊಳ್ಳುತ್ತದೆ. ಹೊಸ ಶಾಕಿನ ಉದ್ದವನ್ನೂ ಪೂರ್ತಿ ಎಳೆದು, ಪೂರ್ತಿ ಒತ್ತಿ, ಎರಡು ಸಲ ಅಳೆಯಬೇಕು. ಉದ್ದ ಹೆಚ್ಚಾದರೆ ಬಲೂನಿಗೆ ಕೇಡು, ಕಡಿಮೆಯಾದರೆ ಗಾಡಿಯನ್ನು ಎತ್ತರಕ್ಕೆ ಏರಿಸಿದಾಗಲೆಲ್ಲ ಶಾಕ್ ತನ್ನ ತುದಿಗೆ ಬಡಿದು ಟಕ್ ಟಕ್ ಅನ್ನುತ್ತದೆ. ಬಿಚ್ಚಿದ ಹಳೇ ಶಾಕನ್ನು ಯಜಮಾನರ ಕೈಗೆ ಕೊಟ್ಟೆ. ಸೈಕಲ್ ಪಂಪಿನ ಹಾಗೆ ಒಳಗೆ ಹೊರಗೆ ಆಡಿತು. ತಪ್ಪು ಅದರದು ಮಾತ್ರ ಆಗಿರಲಿಲ್ಲ. ಅವರು ಮುಂದೆ ಕಬ್ಬಿಣದ ಬಂಪರು, ವಿಂಚು, ಮೇಲೆ ಕ್ಯಾರಿಯರು ಎಲ್ಲ ಹೇರಿದ್ದರು. ಭಾರ ಹೆಚ್ಚಿದಷ್ಟೂ ಕಂಪ್ರೆಸರು ಗಾಳಿ ತುಂಬಿ ಬಲೂನನ್ನು ಬಿಗಿ ಮಾಡುತ್ತದೆ, ಗಾಡಿಯ ಮಟ್ಟ ಹಾಗೇ ಇರುತ್ತದೆ. ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಶಾಕ್ ಮಾತ್ರ ಭಾರ ಇಲ್ಲದ ದಿನದ ಲೆಕ್ಕದಲ್ಲೇ ಉಳಿದಿರುತ್ತದೆ.

ಅವರು ತಂದ ಹೊಸ ಸೆಟ್ಟು ಪ್ಲೇಟಿನ ಗಾಡಿಗೆ, ಅದೂ ಟನ್ನುಗಟ್ಟಲೆ ಹೇರುವ ಗಾಡಿಗೆ ಮಾಡಿದ್ದು. ನಾನು ಬೇಡ ಅನ್ನಬೇಕಿತ್ತು. ಗಾಳಿಯ ಮೇಲಿನ ಗಾಡಿ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ತೂಗುವ ಸ್ವಭಾವದ್ದು, ಪ್ಲೇಟಿನದು ಅಷ್ಟರಲ್ಲಿ ಎರಡು ಸಲ. ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಆಗುವುದಿಲ್ಲ. ಗೊತ್ತಿದ್ದೂ ಹಾಕಿದೆ, ಗಿರಾಕಿ ಕೇಳಿದ್ದು ಅದನ್ನೇ ಅಂತ.

ಮೂರು ವಾರಕ್ಕೆ ವಾಪಸ್ ಬಂದರು. ಡಾಂಬರಿನ ಮೇಲೆ ಬಂಡೆಯ ಹಾಗೇ ಇತ್ತಂತೆ, ಸಂತೋಷಪಟ್ಟರಂತೆ. ಕಚ್ಚಾ ರಸ್ತೆಗೆ ಇಳಿದಾಗ ಹಲ್ಲು ಕಟಕಟ ಅಂದವಂತೆ. ನಾನು ಓಡಿಸಿ ನೋಡಿದೆ. ಕಾಡಿನೊಳಗೆ ಓಡಿಸುವಂತಿಲ್ಲ, 2013ರಿಂದ ಅದು ಸತ್ಯಮಂಗಲ ಹುಲಿ ಮೀಸಲು. ಹೊಲಗಳ ನಡುವಿನ ದಾರಿಯೇ ನಮಗೆ ಸಾಕು, ತಗಡಿನ ಶೀಟಿನ ಹಾಗೆ ಗೀರು ಗೀರಾದ ಕೆಮ್ಮಣ್ಣು. ಒಂದು ಗೀರಿನ ಮೇಲೆ ಚಕ್ರ ಎದ್ದಿತು, ಮತ್ತೆ ನೆಲಕ್ಕೆ ಇಳಿಯುವ ಮೊದಲೇ ಮುಂದಿನ ಗೀರು ಬಂದು ಬಡಿಯಿತು. ಗಟ್ಟಿ ಶಾಕ್ ಚಕ್ರವನ್ನು ಕೆಳಕ್ಕೆ ಬಿಡುವುದೇ ಇಲ್ಲ. ಹೀಗೆ ಹತ್ತು ಗೀರು ದಾಟುವ ಹೊತ್ತಿಗೆ ಗಾಡಿ ಪೂರ್ತಿ ಕುಗ್ಗಿ ಕೂತಿತ್ತು. ಗಾಡಿ ತಗ್ಗಿದೆ ಅಂದುಕೊಂಡ ಕಂಪ್ರೆಸರು ಎತ್ತುವುದಕ್ಕೆ ಏದುಸಿರು ಬಿಡುತ್ತಿತ್ತು. ಶೆಡ್ಡಿಗೆ ತಂದು ಕೆಳಗೆ ಹೋಗಿ ಟಾರ್ಚು ಬಿಟ್ಟರೆ ಹಿಂದಿನ ಬಲಗಡೆ ಶಾಕಿನ ಮೇಲಿನ ಬ್ರಾಕೆಟ್ಟು ವೆಲ್ಡಿಂಗಿನ ಪಕ್ಕದಲ್ಲಿ ಕೂದಲಿನಷ್ಟು ಸೀಳಿತ್ತು.

ಆ ಸೀಳು ನೋಡಿದ ಕ್ಷಣ ನನಗೆ ಅಪ್ಪ ನೆನಪಾದ.

1996ರ ದೀಪಾವಳಿಗೆ ನಾನು ಮೈಸೂರಿನಿಂದ ಊರಿಗೆ ಬಂದಿದ್ದೆ. ರಾಗಿ ತೆನೆ ಬಲಿಯುವ ಹೊತ್ತು. ಅಪ್ಪ ಎರಡು ತಿಂಗಳು ಅಟ್ಟಣೆಯ ಮೇಲೆ ಮಲಗಿ ಕಾದಿದ್ದ ಹೊಲ. ಹಬ್ಬದ ರಾತ್ರಿ ಒಂದು ದಿನ ಮನೆಯಲ್ಲಿ ಮಲಗಿದ. ಬೆಳಿಗ್ಗೆ ಹೋಗಿ ನೋಡಿದರೆ ಎರಡು ಎಕರೆ ರಾಗಿ ಚಾಪೆಯ ಹಾಗೆ ಹಾಸಿಕೊಂಡಿತ್ತು. ಆನೆ ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು, ಯಾವಾಗಲೂ ಹಾಗೇ. ಬದುವಿನ ಬಾಳೆಯನ್ನು ಸಿಗಿದು ತಿರುಳು ತಿಂದು ಹೋಗಿದ್ದವು. ಅವ್ವ ಹೊಲದ ನಡುವೆ ಕೂತು ಮಾದಪ್ಪನಿಗೆ ಬೈದಳು. "ಹುಲಿ ಮ್ಯಾಲ ಕೂತ್ಕಂಡು ಎಪ್ಪತ್ತೇಳ್ ಮಲ ತಿರುಗ್ತಿಯಲ್ಲಪ್ಪ, ನಮ್ ಹೊಲಕ ಬಂದ ಆನ ನಿನ್ ಕಣ್ಗ ಕಾಣ್ನಿಲ್ವಾ?" ಅಂತ. ಹೊತ್ತು ಏರುವ ತನಕ ಬೈದಳು, ಅತ್ತಳು, ಆಮೇಲೆ ಎದ್ದು ಸೆರಗು ಕೊಡವಿ ಮುರಿದ ತೆನೆಗಳನ್ನು ಆಯತೊಡಗಿದಳು. ಮುಂದಿನ ಶಿವರಾತ್ರಿಗೆ ಅದೇ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಹೋದಳು. ಬೈದದ್ದಕ್ಕೆ ತಪ್ಪುಕಾಣಿಕೆ ಏನಾದರೂ ಹಾಕಿದೆಯಾ ಅಂತ ಕೇಳಿದ್ದಕ್ಕೆ, "ಯಾಕ, ಅವನ್ಗ ಕಿವಿ ಇಲ್ವಾ, ಆಗ್ಲೇ ಕೇಳಿಸ್ಕಂಡ" ಅಂದಳು.

ಅಪ್ಪ ಒಂದು ಮಾತೂ ಆಡಲಿಲ್ಲ. ಹೊಲದ ಸುತ್ತ ಒಂದು ಸುತ್ತು ಹಾಕಿ ಬಂದ, ನೀರು ಕೇಳಿದ, ಎಲೆ ಅಡಿಕೆ ಹಾಕಿಕೊಂಡ. ಹಬ್ಬ ಮುಗಿದ ಕೂಡಲೆ ಗುಮಟಾಪುರದಲ್ಲಿ ಗೊರೆಹಬ್ಬ. ಮನೆ ಮನೆಯಿಂದ ಸಗಣಿ ತಂದು ಬೀರೇಶ್ವರನ ಗುಡಿಯ ಹಿಂದೆ ಸುರಿದು, ಗಂಡಸರೆಲ್ಲ ಅದರಲ್ಲಿಳಿದು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಹೊಡೆದುಕೊಳ್ಳುವ ಹಬ್ಬ. ಅಪ್ಪ ಅದಕ್ಕೂ ಹೋದ, ಎಲ್ಲರ ಹಾಗೆ ಹೊಡೆದ, ಹೊಡೆಸಿಕೊಂಡ, ನಕ್ಕ. ಎತ್ತಿನ ಜೋಡಿ ಮಾರಿದ ದಿನವೂ ಹಾಗೇ ಇದ್ದ. ಊರಲ್ಲಿ ಹೊಗಳಿದರು: ಆವಯ್ಯನಿಗೆ ಏನೂ ತಟ್ಟದಿಲ್ಲ, ಸಿವಸರಣ. ಮಠದ ಬುದ್ಧಿಯವರು ಒಮ್ಮೆ ನಮ್ಮ ಜಗಲಿಯಲ್ಲಿ ಕೂತು, ನಿಮ್ಮಪ್ಪನ ಸಮಾಧಾನ ನಿನಗೂ ಬರಲಿ ಅಂತ ನನಗೆ ಆಶೀರ್ವಾದ ಮಾಡಿದ್ದರು. ನಾನೂ ಅದನ್ನೇ ನಂಬಿದ್ದೆ, ಹೆಮ್ಮೆಯಿಂದಲೇ.

2008ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎರಡು ವರ್ಷ ಮಲಗಿದಲ್ಲೇ ಇದ್ದು ಹೋದ.

ಬ್ರಾಕೆಟ್ಟಿನ ಸೀಳನ್ನು ನೋಡುತ್ತ ನಾನು ಅಪ್ಪನ ಲೆಕ್ಕ ಮುಗಿಸಿಬಿಟ್ಟೆ. ಗಟ್ಟಿ ಶಾಕ್. ಹೊಡೆತ ಒಳಗೆ ಕರಗಲಿಲ್ಲ, ಹಾಗೇ ಹಾದು ಚಾಸಿಗೆ ಬಡಿಯಿತು, ಕೊನೆಗೆ ಬ್ರಾಕೆಟ್ಟು ಸೀಳಿತು. ಅವ್ವನೇ ಸರಿಯಾದ ಶಾಕ್. ಯಜಮಾನರಿಗೂ ಹಾಗೇ ಹೇಳಿದೆ, ಸ್ವಲ್ಪ ಜಂಬದಿಂದಲೇ. ಅಲುಗದೆ 'ಬಂಡೆ'ಯಾಗಿರುವುದು ಯಾವ ಧರ್ಮ ಸಾರ್, ಅಂದೆ. ಚಕ್ರ ನೆಲದ ಜೊತೆ ಏರಬೇಕು, ನೆಲದ ಜೊತೆ ಇಳಿಯಬೇಕು. ಏರದಿದ್ದರೆ ಬ್ರೇಕು ಹಿಡಿಯುವುದಿಲ್ಲ, ಸ್ಟೇರಿಂಗು ಕೇಳುವುದಿಲ್ಲ. ಮೆತ್ತನೆಯ ಶಾಕಾದರೂ ಚಕ್ರ ನೆಲ ಬಿಡುತ್ತದೆ, ಕುಣಿದು. ಗಟ್ಟಿಯದಾದರೂ ಬಿಡುತ್ತದೆ, ಸೆಟೆದು. ಎರಡೂ ಒಂದೇ.

ಅವರು ನಕ್ಕು, "ಹಾಗಾದರೆ ನಡುವಿನದು ಹಾಕಿ" ಅಂದರು. ಬುದ್ಧ ಸೋಣನಿಗೆ ಹೇಳಿದ ವೀಣೆಯ ಮಾತು ಅವರಿಗೆ ಗೊತ್ತಿತ್ತು, ತಂತಿ ತೀರ ಬಿಗಿಯೂ ಬೇಡ, ಸಡಿಲವೂ ಬೇಡ ಅನ್ನುವುದು. ಒಳ್ಳೇ ಮಾತೇ, ಬುದ್ಧನ ಮಾತಿಗೆ ನಾನು ಎದುರಾಡುವವನಲ್ಲ. ಆದರೆ ವೀಣೆಯ ತಂತಿ ಒಂದೇ ಬಿಗಿಯಲ್ಲಿರುತ್ತದೆ, ಶಾಕ್ ಹಾಗಲ್ಲ. ಅದಕ್ಕೆ ಎರಡು ಬಿಗಿ. ನೆಲ ಚಕ್ರವನ್ನು ಮೇಲಕ್ಕೆ ನೂಕುವಾಗ ಶಾಕ್ ಸಲೀಸಾಗಿ ದಾರಿ ಬಿಡುತ್ತದೆ. ಸ್ಪ್ರಿಂಗು ಹಿಂದಕ್ಕೆ ಒಗೆಯುವಾಗ ಬಿಗಿಯಾಗಿ ಹಿಡಿಯುತ್ತದೆ, ಸಾಮಾನ್ಯವಾಗಿ ಎರಡು ಪಟ್ಟು, ಕೆಲವದರಲ್ಲಿ ಇನ್ನೂ ಹೆಚ್ಚು. ಹೊರಗಿನಿಂದ ಬಂದದ್ದಕ್ಕೆ ಒಂದು ನ್ಯಾಯ, ತನ್ನೊಳಗಿನಿಂದ ಎದ್ದದ್ದಕ್ಕೆ ಇನ್ನೊಂದು ನ್ಯಾಯ. ಸಮಚಿತ್ತ ಅನ್ನುವುದರಲ್ಲಿ 'ಸಮ' ಇದೆಯಲ್ಲ, ಅದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಎರಡೂ ಕಡೆ ಒಂದೇ ಅಳತೆ ಇಡಬೇಕು ಅಂದುಕೊಳ್ಳುತ್ತೇವೆ.

ಇದನ್ನು ನಾನು ಪುಸ್ತಕದಲ್ಲಿ ಕಲಿತದ್ದಲ್ಲ. 2000ದ ಜುಲೈ 30ರ ರಾತ್ರಿ ನಮ್ಮ ಪಕ್ಕದ ದೊಡ್ಡಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದುಕೊಂಡು ಹೋದ. ಹೊಡೆತ ಒಂದು ರಾತ್ರಿಯದು. ನಾನು ಆಗ ಮೈಸೂರಿನ ಗ್ಯಾರೇಜಿನಲ್ಲಿದ್ದೆ. ಬಾಯಿ ಬಿಟ್ಟರೆ ಕನ್ನಡ, ರೇಷನ್ ಕಾರ್ಡು ತೆಗೆದರೆ ತಮಿಳು. ನಿನ್ನೆ ತನಕ ಟೀ ಕುಡಿಸುತ್ತಿದ್ದ ಗಿರಾಕಿಯೊಬ್ಬ, "ನಿಮ್ಮೂರವರೇ ಅಲ್ವೇನಯ್ಯ" ಅಂದ. ಉಸ್ತಾದರು ಕೆಲವು ವಾರ ನನ್ನನ್ನು ಗಾಡಿಯ ಕೆಳಗಿನ ಕೆಲಸಕ್ಕೇ ಹಾಕಿದರು, ಮುಖ ಕಾಣದಿರಲಿ ಅಂತ. ಇತ್ತ ಊರಿಗೆ ಬಂದರೆ ಕನ್ನಡದವನು ಅನ್ನುವ ಕಣ್ಣು. 108 ದಿನವಾಗಿ ನವೆಂಬರ್ 15ಕ್ಕೆ ಅವರು ಬಿಡುಗಡೆಯಾದರು. ನಮ್ಮ ಊರುಗಳ ತೂಗಾಟ ಅಲ್ಲಿಗೆ ನಿಲ್ಲಲಿಲ್ಲ. ಯಾರ ಮನೆಯಿಂದ ಯಾರಿಗೆ ಅಕ್ಕಿ ಹೋಯಿತು, ಯಾರು ಯಾರ ಹೆಸರು ಹೇಳಿದರು, ಪೊಲೀಸಿನವರ ಜೀಪು ಯಾರ ಬಾಗಿಲಲ್ಲಿ ನಿಂತಿತ್ತು ಅನ್ನುವುದು 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಮೇಲೂ ನಮ್ಮ ಜಗಲಿಗಳಲ್ಲಿ ಎದ್ದು ಬಿದ್ದು ಎದ್ದು ಬಿದ್ದು ಬಂತು. ಕೆಲವು ಮನೆಗಳ ನಡುವೆ ಈಗಲೂ ಕೊಟ್ಟು ತರುವುದಿಲ್ಲ. ಆ ರಾತ್ರಿ ಬಂದವನು ಹೋಗಿಬಿಟ್ಟ. ಆಮೇಲಿನದೆಲ್ಲ ನಮ್ಮದೇ ಸ್ಪ್ರಿಂಗಿನ ಒಗೆತ.

ಹಾಗಂತ ಹಿಂದಕ್ಕೆ ಬರುವುದನ್ನು ಪೂರ್ತಿ ಹಿಡಿದಿಟ್ಟರೆ ಏನಾಗುತ್ತದೆ ಅನ್ನುವುದನ್ನೂ ಗೀರು ರಸ್ತೆಯಲ್ಲಿ ನೋಡಿಯಾಗಿತ್ತು. ಪ್ರತಿ ಹೊಡೆತಕ್ಕೂ ಒಂದಿಷ್ಟು ತಗ್ಗುತ್ತ, ಎಂದೂ ತನ್ನ ಎತ್ತರಕ್ಕೆ ವಾಪಸ್ ಬಾರದೆ ಕುಗ್ಗಿ ಕೂರುವುದು. ಬಾಯಿ ಮುಚ್ಚಿಕೊಂಡು ಬದುಕಿದ ಎಷ್ಟು ಹೆಂಗಸರನ್ನು ನಾವು ತಾಳ್ಮೆಯ ಮೂರ್ತಿ ಅಂದಿದ್ದೇವೆ! ಗೀತೆಯಲ್ಲಿ ಸ್ಥಿತಪ್ರಜ್ಞನಿಗೆ ಆಮೆಯ ಹೋಲಿಕೆ ಬರುತ್ತದೆ, ಅಂಗಗಳನ್ನು ಒಳಕ್ಕೆ ಎಳೆದುಕೊಳ್ಳುವುದು. ಆಮೆ ಮತ್ತೆ ಕಾಲು ಹೊರಗೆ ಹಾಕದಿದ್ದರೆ ಕೆರೆ ತಲುಪುವುದು ಹೇಗೆ ಅಂತ ನಾನು ಯಜಮಾನರನ್ನು ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಗಡಿಯಾರ ನೋಡಿಕೊಂಡರು.

ಎಂಟೂವರೆ. 2022ರ ಫೆಬ್ರವರಿಯಿಂದ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಣ್ಣ ಗಾಡಿಗಳಿಗೂ ತಡೆ, ಲಾರಿಗಳಿಗೆ ಸಂಜೆ 6ರಿಂದಲೇ. ರಾತ್ರಿ ಜಿಂಕೆ, ಚಿರತೆ ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದವು. ತರಕಾರಿ ಬೆಳೆಯುವ ನಮಗೆ ಕಷ್ಟವಾಗಿದೆ, ಆ ಮಾತು ಇನ್ನೊಂದು ದಿನಕ್ಕಿರಲಿ. ಗಾಡಿ ಇನ್ನೂ ಸ್ಟ್ಯಾಂಡಿನ ಮೇಲಿತ್ತು. ಯಜಮಾನರು ನಮ್ಮ ಮನೆಯಲ್ಲೇ ಉಳಿದರು.

ಮುದ್ದೆ, ಉಪ್ಸಾರು. ಅವ್ವನಿಗೆ ಎಂಬತ್ತು ದಾಟಿದೆ, ಈಗಲೂ ಬಂದವರ ಜೊತೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕದೆ ಮಲಗುವುದಿಲ್ಲ. ಯಜಮಾನರು ತಮ್ಮ ಮನೆಯವರ ಮಾತು ತೆಗೆದರು. ಹೋದಾಗ ಒಂದು ಹನಿ ಕಣ್ಣೀರು ಬರಲಿಲ್ಲ, ಮಕ್ಕಳು ಅಪ್ಪ ಗಟ್ಟಿ ಅಂದರು, ತಾನೂ ಹಾಗೇ ಅಂದುಕೊಂಡೆ ಅಂದರು. ನಾನು ಮಧ್ಯೆ ಬಾಯಿ ಹಾಕಿ ಅಪ್ಪನ ಕತೆ ಹೇಳಿದೆ, ಗಟ್ಟಿ ಶಾಕು, ಬ್ರಾಕೆಟ್ಟು, ಲಕ್ವ, ಎಲ್ಲ. ಅವ್ವ ಅಡಿಕೆ ಕತ್ತರಿಸುತ್ತಿದ್ದವಳು ನಿಲ್ಲಿಸಿದಳು.

"ನಿಮ್ಮಪ್ಪನ್ಗ ತಟ್ನಿಲ್ಲ ಅಂದವ್ರು ಯಾರ್ಲಾ?"

"ಊರೆಲ್ಲ ಅಂತಿತ್ತಲ್ಲವ್ವ."

"ಊರು ಪಕ್ಕದಲ್ಲಿ ಮನಗಿತ್ತಾ? ನಿಂಗ ಯಾನ ಗೊತ್ತು ಮೊಗ. ಆನ ಬಂದ ವರ್ಸ ಇಡೀ ಮಾಗಿ ಚಳಿಲಿ ನಾನು ಕಂಬ್ಳಿ ಹೊದಿನಿಲ್ಲ. ರಾತ್ರ ಆದ್ರ ಅವರ ಮೈ ಕಾದ ಹೆಂಚು. ಜ್ವರ ಅಲ್ಲ, ಏನಲ್ಲ. ಬೆಳಗಾದ್ರ ತಣ್ಗಾಗದು, ಎದ್ದು ಹೊಲಕ ಹೋಗರು."

ಅಷ್ಟೇ ಹೇಳಿ ಮತ್ತೆ ಅಡಿಕೆ ಕತ್ತರಿಸಿದಳು.

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ದೂರದ ಹೊಲದಲ್ಲಿ ಯಾರೋ ಆನೆಗೆ ಪಟಾಕಿ ಹೊಡೆದರು. ಆಮೇಲೆ ಯಜಮಾನರು ಅವರ ಆ ಹಳೇ ಕನ್ನಡದಲ್ಲಿ ಹೇಳಿದ ಮಾತನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತೇನೆ: "ಸ್ಥಿತಪ್ರಜ್ಞ ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಅಂತ ಅರ್ಜುನ ಕೇಳಿದ. ಹೇಗೆ ಮಲಗುತ್ತಾನೆ ಅಂತ ಕೇಳಲೇ ಇಲ್ಲ."

ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಮುಟ್ಟಿ ನೋಡದೆ ಒಂದು ಶಾಕನ್ನೂ ಸತ್ತಿದೆ ಅಂತ ಹೇಳಿದವನಲ್ಲ ನಾನು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ, ಅದೇ ಕೊಳವೆ, ಅದೇ ಬಣ್ಣ, ಅದೇ ದೂಳು. ಅಪ್ಪನನ್ನು ಮಾತ್ರ ಎರಡು ಮಾರು ದೂರದಿಂದ ನೋಡಿ, ಮೊದಲು ಶರಣ ಅಂದೆ, ಆಮೇಲೆ ಗಟ್ಟಿ ಅಂದೆ. ಎರಡೂ ಸಲ ಕೈ ಇಟ್ಟಿರಲಿಲ್ಲ. ಲಕ್ವ ಹೊಡೆದ ಎರಡು ವರ್ಷದಲ್ಲಿ ಸ್ನಾನ ಮಾಡಿಸುವುದಕ್ಕೆ ದಿನಾ ಮುಟ್ಟಿದ್ದೇನೆ. ಆಗ ಮೈ ತಣ್ಣಗೇ ಇತ್ತು.

ಚಾಮರಾಜನಗರದ ಜೈನ ಗಿರಾಕಿಯೊಬ್ಬರ ಜೊತೆ ಒಮ್ಮೆ ಮಲೆಯೂರಿನ ಕನಕಗಿರಿಗೆ ಹೋಗಿದ್ದೆ. ಪೂಜ್ಯಪಾದರು ತಪಸ್ಸು ಮಾಡಿದ ಬೆಟ್ಟ ಅಂತ ಅವರ ನಂಬಿಕೆ. ತತ್ತ್ವಾರ್ಥ ಸೂತ್ರಕ್ಕೆ ಸರ್ವಾರ್ಥಸಿದ್ಧಿ ಅನ್ನುವ ವ್ಯಾಖ್ಯಾನ ಬರೆದವರು ಅವರು. ಮೆಟ್ಟಿಲು ಹತ್ತುತ್ತ ಗಿರಾಕಿ ವಿವರಿಸಿದ್ದು: ಆತ್ಮಕ್ಕೆ ಅಂಟಿದ ಕರ್ಮ ತಪಸ್ಸಿನಿಂದ ಉದುರುತ್ತದೆ, ಅದಕ್ಕೆ ನಿರ್ಜರೆ ಅಂತ ಹೆಸರು. ತಪ ಅಂದರೆ ಕಾಯುವುದು, ಬಿಸಿಯಾಗುವುದು. ಆಗ ನಾನು ಹೂಂ ಅಂದು ಹತ್ತುತ್ತಿದ್ದೆ, ನನ್ನ ಗಮನ ಅವರ ಕಾರಿನ ಕ್ಲಚ್ಚಿನ ಮೇಲಿತ್ತು. ಆ ರಾತ್ರಿ ಅದು ನೆನಪಾಯಿತು. ಶಾಂತಿಯನ್ನು ನಾವು ತಂಪಿನ ಜೊತೆ ಕಟ್ಟಿದ್ದೇವೆ, ಹೊಟ್ಟೆ ತಣ್ಣಗಿರಲಿ ಅನ್ನುತ್ತೇವೆ, ತಣ್ಣನೆಯ ಮನುಷ್ಯ ಅನ್ನುತ್ತೇವೆ. ತಪಸ್ವಿಗಳು ಅದನ್ನು ಬಿಸಿಯ ಜೊತೆ ಕಟ್ಟಿದರು. ಶಾಕಿನ ವಿಷಯದಲ್ಲಿ ಅವರೇ ಸರಿ. ಗಾಡಿಯ ಮೇಲೆ ಕೂತವರಿಗೆ ಸಿಗುವ ತಂಪು ಕೆಳಗೆ ಯಾವುದೋ ಎಣ್ಣೆ ಕಾದದ್ದರಿಂದ ಬಂದದ್ದು.

ಆದರೆ ಆ ಬಿಸಿ ಹೊರಗೆ ಹೋಗುವುದಕ್ಕೆ ಗಾಳಿಯಾಡಬೇಕು. ಮಳೆಗಾಲದಲ್ಲಿ ಕೆಸರು ಮೆತ್ತಿ ಒಣಗಿದ ಶಾಕ್ ಒಳಗೇ ಬೇಯುತ್ತದೆ, ಎಣ್ಣೆ ನೊರೆಯಾಗುತ್ತದೆ, ನೊರೆ ಏನನ್ನೂ ತಡೆಯುವುದಿಲ್ಲ. ಅಪ್ಪನಿಗೆ ಇದ್ದ ಗಾಳಿ ಅಟ್ಟಣೆಯ ಮೇಲಿನದೋ, ಗೊರೆಹಬ್ಬದ ಒಂದು ಮಧ್ಯಾಹ್ನದ್ದೋ, ಪಕ್ಕದಲ್ಲಿ ಕಂಬಳಿ ಹೊದೆಯದೆ ಮಲಗಿದ ಅವ್ವನೋ. ಸಾಕಾಯಿತೋ ಇಲ್ಲವೋ ಹೇಳಲಾರೆ. ಲಕ್ವ ಆ ರಾಗಿಯಿಂದ ಬಂತು ಅಂತ ಇನ್ನು ಹೇಳುವುದಿಲ್ಲ.

ಬೆಳಿಗ್ಗೆ ಬ್ರಾಕೆಟ್ಟಿನ ಸೀಳನ್ನು ಉಜ್ಜಿ ವೆಲ್ಡ್ ಮಾಡಿ, ಮೇಲೊಂದು ಪಟ್ಟಿ ಕೊಟ್ಟೆ. ಎರಡನೆಯ ಸೆಟ್ಟನ್ನು ಯಜಮಾನರು ಮೊದಲೇ ತಂದಿಟ್ಟಿದ್ದರು. ಗಾಳಿಯ ಗಾಡಿಗೇ ಮಾಡಿದ್ದು, ಬುಡದಲ್ಲಿ ತಿರುಪು ಇದೆ, ಒಂಬತ್ತು ಮೆಟ್ಟಿಲು. ವಿಂಚಿನ ಭಾರಕ್ಕೆ ಮುಂದೆ ಐದು, ಹಿಂದೆ ಮೂರು ಅಂತ ಇಟ್ಟೆ. ಮೂಲೆ ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಂತಿತು. "ಅಲುಗುತ್ತಲ್ಲ ಮೇಸ್ತ್ರಿ" ಅಂದರು ಯಜಮಾನರು. ಅಲುಗುತ್ತದೆ ಸಾರ್, ಅಂದೆ. ಅವರೇ ಸ್ಟೇರಿಂಗು ಹಿಡಿದರು. ಕೆರೆ ಏರಿಯಿಂದ ಹೊಲದ ದಾರಿಗೆ ಇಳಿದು, ಗೀರು ರಸ್ತೆಯಲ್ಲಿ ಹೋಗಿ ಬಂದೆವು. ಪ್ರವಚನ ಹಾಕಿರಲಿಲ್ಲ. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿ ಕನ್ನಡಕ ತೆಗೆದು ಒರೆಸಿಕೊಂಡರು. ದೂಳು ಅಂದರು. ಗಾಜು ಏರಿಸಿತ್ತು. ನಾನು ಹೊರಗೆ ನೋಡಿದೆ.

ಶೆಡ್ಡಿಗೆ ಬಂದ ಕೂಡಲೆ ಕೆಳಗೆ ಹೋಗಿ ಮುಟ್ಟಿದೆ. ಮುಂದಿನವೆರಡೂ ಚೆನ್ನಾಗಿ ಬೆಚ್ಚಗಿದ್ದವು, ಹಿಂದಿನ ಬಲಗಡೆಯದೂ ಬೆಚ್ಚಗಿತ್ತು. ಹಿಂದಿನ ಎಡಗಡೆಯದು ಅಷ್ಟು ಬೆಚ್ಚಗಿರಲಿಲ್ಲ. ಟಾರ್ಚು ಬಿಟ್ಟು ನೋಡಿದರೆ ತಿರುಪು ಒಂದರಲ್ಲೇ ಇತ್ತು. ಮೂರಕ್ಕೆ ತಿರುಗಿಸುವುದನ್ನು ನಾನೇ ಮರೆತಿದ್ದೆ. ತಿರುಗಿಸಿದೆ, ಇನ್ನೊಂದು ಸುತ್ತು ಓಡಿಸಿದೆವು, ಮತ್ತೆ ಮುಟ್ಟಿದೆ, ಯಜಮಾನರ ಕೈಯನ್ನೂ ಹಿಡಿದು ಮುಟ್ಟಿಸಿದೆ. ಹನ್ನೊಂದು ಗಂಟೆಗೆ ಅವರು ಘಾಟಿ ಇಳಿದರು.